ಮೂರು ಗೇಣಿನ ಗಂಟು

ಅತ್ತೆ ಬರುವುದಿಲ್ಲ ಅಂದಿದ್ದರೆ ಸೊಸೆಗೆ ಅಷ್ಟು ಭಯವಾಗುತ್ತಿರಲಿಲ್ಲ. ಬರುತ್ತೇನೆ ಅಂದಳಲ್ಲ, ಭಯ ಅದಕ್ಕೆ.

ಕೇಳಿದ್ದು ಸೊಸೆಯಲ್ಲ, ಅವಳ ಗಂಡ. ಲಿಫ್ಟು ರಿಪೇರಿ ಮಾಡುವ ಆತ ದಿನವಿಡೀ ಮೇಲಿನವರಿಗೂ ಕೆಳಗಿನವರಿಗೂ ನಡುವೆ ನೇತಾಡಿ ಮನೆಗೆ ಬಂದರೆ ಇಲ್ಲೂ ಅವನಿಗೆ ಅದೇ ಕೆಲಸ. ಊಟಕ್ಕೆ ಕೂತವನು ತಾಯಿಯ ಮುಖ ನೋಡದೆ ತಟ್ಟೆಗೆ ಹೇಳಿದ ಹಾಗೆ ಹೇಳಿದ: ಇವಳ ಕೊನೆಯ ಪರೀಕ್ಷೆಗೆ ಮನೆಯವರೊಬ್ಬರು ಬಂದು ಕಣ್ಣು ತೋರಿಸಬೇಕಂತೆ, ಐವತ್ತು ದಾಟಿದವರೇ ಆಗಬೇಕಂತೆ, ಒಂದು ಬೆಳಗ್ಗೆ ಹೋಗಿ ಕೂತು ಬಂದರೆ ಆಯಿತಂತೆ. ಅತ್ತೆ ಅಂಗಿಯ ಕಾಜ ಹೊಲಿಯುತ್ತಿದ್ದಳು. ದಾರವನ್ನು ಹಲ್ಲಿನಲ್ಲಿ ಕಡಿದಳು. ಗುಂಡಿ ತೂರಿಸುವ ಆ ಸೀಳಿನ ಸುತ್ತ ಬೆರಳಾಡಿಸಿ, ಹೊಲಿಗೆ ಸರಿ ಕೂತಿದೆಯೇ ಎಂದು ತಡವಿ ನೋಡಿದಳು. ಆಮೇಲೆ ಸೊಸೆಯ ಕಡೆ ತಿರುಗಿ ನಕ್ಕಳು.

"ಹೋಗೋಣಂತೆ. ನನ್ನ ಕಣ್ಣಿಗೇನಾಗಿದೆ? ಡಾಕ್ಟರಮ್ಮ ಧಾರಾಳವಾಗಿ ನೋಡ್ಲಿ."

ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಸೊಸೆ ಕಂಡ ಮೊದಲ ನಗು ಅದು. ಅದರಲ್ಲಿ ಹಲ್ಲಿತ್ತು.

ಓದು ಮುಗಿಸಲು ಬಿಡುತ್ತೇವೆ ಅನ್ನುವ ಮಾತಿನ ಮೇಲೆಯೇ ಈ ಮದುವೆ ಆಗಿದ್ದು. ಮಾತು ಕೊಟ್ಟವರು ಮಾವ. ಕೊಟ್ಟ ವರ್ಷವೇ ಅವರು ತೀರಿಕೊಂಡು, ಅದನ್ನು ನಡೆಸುವ ಭಾರ ಅತ್ತೆಯ ತಲೆಗೆ ಬಿತ್ತು. ಅವಳು ಮಾತು ಮುರಿಯಲಿಲ್ಲ, ಆದರೆ ದಿನಕ್ಕೊಂದು ಸಲ ಅದನ್ನು ಎತ್ತಿ ಆಡದೆ ಬಿಡಲೂ ಇಲ್ಲ. ಬಾಗಿಲಿಗೆ ಬಂದ ನೆರೆಯವಳ ಹತ್ತಿರ ಸೊಸೆಗೆ ಕೇಳಿಸುವಂತೆಯೇ ಹೇಳುತ್ತಿದ್ದಳು: "ಕಣ್ಣಿನ ಡಾಕ್ಟ್ರೂ ಅಲ್ಲ, ಕನ್ನಡಕದ ಅಂಗಡಿಯವಳೂ ಅಲ್ಲ. ಇಬ್ಬರ ಮಧ್ಯೆ ಸಂದಿಯಲ್ಲಿ ನಿಂತ್ಕೊಳ್ಳೋದಕ್ಕೂ ಒಂದು ಓದು ಇದೆಯಂತೆ." ಕಣ್ಣಿನ ನಂಬರ್ ಅಳೆಯುವುದು, ಮಕ್ಕಳ ಕಣ್ಣು ಮೆಳ್ಳೆಯಾಗುವ ಮೊದಲೇ ಗುರುತು ಹಿಡಿಯುವುದು, ಒಳಗಿನ ಒತ್ತಡ ನೋಡಿ ಡಾಕ್ಟರ ಬಳಿ ಕಳಿಸುವುದು, ಇದೆಲ್ಲ ಒಂದು ವಿದ್ಯೆ ಎಂದು ಸೊಸೆ ಮೊದಮೊದಲು ಬಿಡಿಸಿ ಹೇಳುತ್ತಿದ್ದಳು. ಆಮೇಲೆ ಹೇಳುವುದನ್ನು ಬಿಟ್ಟಳು. ಕೇಳದವರ ಎದುರು ಮಾತಾಡಿ ಗಂಟಲು ನೋಯಿಸಿಕೊಳ್ಳುವುದಕ್ಕಿಂತ ಪಾತ್ರೆ ತೊಳೆಯುವುದು ಮೇಲು ಅನ್ನಿಸಿತು.

ಈ ಸಲದ್ದು ಕಡೆಯ ಅವಕಾಶ. ಪ್ರಾಯೋಗಿಕ ಪರೀಕ್ಷೆಯಲ್ಲಿ ಎರಡನೇ ಸಲ ಬಿದ್ದವರ ಹೆಸರನ್ನು ಆ ಸಂಸ್ಥೆ ಹೊಡೆದು ಹಾಕುತ್ತಿತ್ತು, ಅವಳು ಒಂದು ಸಲ ಬಿದ್ದಾಗಿತ್ತು. ದೊಡ್ಡಾಸ್ಪತ್ರೆಯವರು ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳ ಕಣ್ಣು ನೋಡುವ ವ್ಯಾನಿನಲ್ಲಿ ಅವಳಿಗೊಂದು ಜಾಗ ಇಟ್ಟಿದ್ದರು. ಪಾಸಾದರೆ ಆ ವ್ಯಾನು, ಇಲ್ಲವಾದರೆ ಅತ್ತೆಯ ಪಕ್ಕದ ಮಣೆ. ಅತ್ತೆ ಆಗಲೇ ಒಂದು ಸೂಜಿಡಬ್ಬಿ ತಂದು ಆ ಮಣೆಯ ಮೇಲೆ ಇಟ್ಟಿದ್ದಳು. ಇದು ನಿನ್ನದು ಎಂದು ಬಾಯಿಬಿಟ್ಟು ಹೇಳಲಿಲ್ಲ. ದಿನಾ ಬೆಳಗ್ಗೆ ಅದರ ಧೂಳು ಮಾತ್ರ ಒರೆಸುತ್ತಿದ್ದಳು.

ಸೊಸೆಯನ್ನು ಬೀಳಿಸಿದ್ದು ಒಂದು ದಾರ.

ಸಂಸ್ಥೆಯಲ್ಲಿ ಈ ಪರೀಕ್ಷೆ ನಡೆಸುತ್ತಿದ್ದ ಹಿರಿಯ ಅಧ್ಯಾಪಕಿಗೆ ಹುಡುಗಿಯರು ಇಟ್ಟಿದ್ದ ಹೆಸರು ಏಣಿ ಮೇಡಂ. ಅಷ್ಟೆತ್ತರದ ಹೆಂಗಸು, ಬಾಗಿಲಿಗೆ ಬಂದರೆ ತಾನಾಗಿ ತಲೆ ಬಾಗುತ್ತಿತ್ತು. ಬೇರೆ ಯಾವುದಕ್ಕೂ ಬಾಗಿದ್ದನ್ನು ಯಾರೂ ಕಂಡವರಿಲ್ಲ. ಅವಳ ಪಾಠದಲ್ಲಿ ಎಲ್ಲಕ್ಕಿಂತ ದೊಡ್ಡದು ರೆಟಿನೋಸ್ಕೋಪ್ ಅನ್ನುವ ಕೈದೀಪ. ಮಬ್ಬುಗತ್ತಲ ಕೋಣೆಯಲ್ಲಿ ರೋಗಿಯ ಎದುರು ಕೂತು ಆ ದೀಪದ ಬೆಳಕಿನ ಗೀಟನ್ನು ಕಣ್ಣಪಾಪೆಯ ಮೇಲೆ ಅತ್ತಿತ್ತ ಆಡಿಸಬೇಕು. ಪಾಪೆಯೊಳಗಿಂದ ಕೆಂಡದಂಥ ಒಂದು ಹೊಳಪು ಹೊರಳುತ್ತದೆ, ಗೀಟಿನ ಜೊತೆಗೇ ಓಡಿದರೆ ಒಂದು ಬಗೆಯ ದೋಷ, ಎದುರಾಗಿ ಓಡಿದರೆ ಇನ್ನೊಂದು ಬಗೆಯದು. ರೋಗಿಯ ಮುಖಕ್ಕೆ ಹಾಕಿದ ಚೌಕಟ್ಟಿನಲ್ಲಿ ಗಾಜು ಬದಲಿಸುತ್ತಾ ಹೋಗಿ ಆ ಓಟ ನಿಲ್ಲಿಸಬೇಕು. ಓಟ ನಿಲ್ಲಿಸಿದ ಗಾಜಿನ ನಂಬರಿನಿಂದ, ನೋಡುವವಳಿಗೂ ರೋಗಿಗೂ ನಡುವಿನ ದೂರದ ಬಾಬ್ತು ಒಂದಿಷ್ಟು ಕಳೆದರೆ ಉಳಿದದ್ದು ಕಣ್ಣಿನ ನಿಜವಾದ ನಂಬರು. ರೋಗಿ ತುಟಿ ಬಿಚ್ಚಬೇಕಾಗಿಲ್ಲ. ಮೂಗನಾಗಲಿ, ಹಸುಗೂಸಾಗಲಿ, ಹಟಮಾರಿಯಾಗಲಿ, ಕಣ್ಣು ತನ್ನ ಸಂಗತಿ ತಾನೇ ಹೇಳುತ್ತದೆ.

ಆ ದೂರ ತಪ್ಪಬಾರದೆಂದು ಏಣಿ ಮೇಡಂ ಒಂದೊಂದು ದೀಪಕ್ಕೂ ಒಂದೊಂದು ದಾರ ಕಟ್ಟಿಸಿದ್ದಳು. ದಾರದ ತುದಿ ರೋಗಿಯ ಕೆನ್ನೆ ಮುಟ್ಟಬೇಕು, ದಾರ ಬಿಗಿಯಾಗಿರಬೇಕು, ಆಗ ಕಳೆಯಬೇಕಾದ ಸಂಖ್ಯೆ ಒಂದೂವರೆ. ದಾರವನ್ನು ಅಳೆದು ಕತ್ತರಿಸಿದ್ದು ಅವಳದೇ ತೋಳಿಗೆ. ಅವಳಿಗಿಂತ ಮೊದಲಿನ ಮೇಷ್ಟ್ರೂ ಉದ್ದನೆಯವರೇ ಇದ್ದರಂತೆ, ಹಾಗಾಗಿ ಯಾರಿಗೂ ಬೇರೆ ದಾರದ ಯೋಚನೆ ಬಂದಿರಲಿಲ್ಲ.

ಸೊಸೆ ಗಿಡ್ಡಿ. ದಾರ ಬಿಗಿ ಹಿಡಿದರೆ ಗಾಜು ಬದಲಿಸಲು ಕೈ ಮುಟ್ಟುತ್ತಿರಲಿಲ್ಲ, ಕೈ ಚಾಚಿದರೆ ಮೈಯೂ ಮುಂದೆ ಹೋಗಿ ದಾರ ಜೋಲುತ್ತಿತ್ತು. ಕತ್ತಲಲ್ಲಿ ಅದು ಅವಳಿಗೂ ಕಾಣುತ್ತಿರಲಿಲ್ಲ, ಮೇಡಂಗೂ ಕಾಣುತ್ತಿರಲಿಲ್ಲ. ಲೆಕ್ಕ ಮಾತ್ರ ಪ್ರತಿ ಸಲವೂ ಅರ್ಧ ನಂಬರು ಹೆಚ್ಚಾಗಿ ಬರುತ್ತಿತ್ತು. ಯಾಕೆ ಹೀಗೆ ಎಂದು ತಿಳಿಯದೆ ಅವಳು ಒಂದು ಉಪಾಯ ಹೂಡಿಕೊಂಡಳು. ದೀಪದ ಲೆಕ್ಕ ಹಾಗಿರಲಿ ಎಂದು, ರೋಗಿಯನ್ನು ಮಾತಿಗೆಳೆದು, ಇದು ಚೆನ್ನಾಗಿದೆಯೋ ಅದು ಚೆನ್ನಾಗಿದೆಯೋ ಎಂದು ಸಮಾಧಾನವಾಗಿ ಕೇಳಿ ಕೇಳಿ ಆ ಅರ್ಧವನ್ನು ಇಳಿಸಿಬಿಡುತ್ತಿದ್ದಳು. ಕೇಳುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ಮುದುಕರು ಅವಳ ಸರದಿಗೇ ಕಾದು ಕೂರುತ್ತಿದ್ದರು.

ಕಳೆದ ಸಲದ ಪರೀಕ್ಷೆಯಲ್ಲಿ ಏಣಿ ಮೇಡಂ ಆ ಬಾಗಿಲನ್ನೇ ಮುಚ್ಚಿದಳು. ದೀಪದ ಲೆಕ್ಕ ಬರೆದಿದ್ದೇ ತಡ, ಕಾಗದ ಕಿತ್ತುಕೊಂಡು, ರೋಗಿಯ ಎದುರಿಗೇ, ಸಾಲಾಗಿ ನಿಂತ ಉಳಿದ ಹುಡುಗಿಯರ ಎದುರಿಗೇ ಅಂದಳು: "ನೀನು ಕಣ್ಣು ನೋಡೋದಿಲ್ಲಮ್ಮ, ಬಾಯಿ ನೋಡ್ತೀಯ. ಇದು ಕಣ್ಣಿನ ಸಂಸ್ಥೆ. ಹಲ್ಲಿಂದು ಆ ಕಡೆ ರಸ್ತೆಯಲ್ಲಿದೆ."

ಎಲ್ಲರೂ ನಕ್ಕರು. ರೋಗಿಯೂ ನಕ್ಕ.

ಆ ಅರ್ಧ ನಂಬರಿನ ಗುಟ್ಟು ಸೊಸೆಗೆ ಸಿಕ್ಕಿದ್ದು ಅತ್ತೆಯ ಬೈಗುಳದಲ್ಲಿ. ಒಗೆದು ಹಾಕಿದ್ದ ಅವಳ ಬಿಳಿ ಕೋಟು ನೋಡಿ ಅತ್ತೆಗೆ ರೇಗಿತು. ಅಂಗಡಿಯಿಂದ ತಂದ ಕೋಟು, ತೋಳು ಉದ್ದವೆಂದು ಎರಡು ಮಡಿಕೆ ಮಡಚಿ ಪಿನ್ನು ಚುಚ್ಚಿಟ್ಟಿದ್ದು. ಹೊಲಿಗೆಯವರ ಮನೆಯ ಸೊಸೆ ಪಿನ್ನು ಚುಚ್ಚಿಕೊಂಡು ತಿರುಗಿದರೆ ಯಾರ ಮಾನ ಹೋಗುತ್ತದೆ ಎಂದು ಶುರುಮಾಡಿ, ಅವಳ ಕೈ ಹಿಡಿದೆಳೆದು, ಕುತ್ತಿಗೆಯಲ್ಲಿ ಯಾವಾಗಲೂ ನೇತಾಡುತ್ತಿದ್ದ ಅಳತೆ ಟೇಪನ್ನು ಹೆಗಲಿಂದ ಮಣಿಕಟ್ಟಿನ ತನಕ ಎಳೆದಳು.

"ಟೈಲರ್ ಮಾಸ್ಟರ್ ಹತ್ರ ಶಾಲೆ ಹುಡುಗರ ಅಳತೆ ಇರತ್ತೆ. ಅವುಗಳ ತೋಳೂ ಇದಕ್ಕಿಂತ ಉದ್ದ. ಈ ಮೋಟು ಕೈ ಚಾಚಿ ಯಾರ ಕಣ್ಣು ಮುಟ್ತೀಯೇ ನೀನು?"

ಅಂದು ಟೇಪನ್ನು ಮೇಜಿನ ಮೇಲೆ ಎಸೆದು, ಕಾಜ ಸೊಟ್ಟವೆಂದು ವಾಪಸು ಬಂದು ಮತ್ತೆ ಹೊಲಿದ ಅಂಗಿಗಳ ಗಂಟು ಹೊತ್ತು ಮಾಸ್ಟರನ ಅಂಗಡಿಗೆ ಹೊರಟುಹೋದಳು. ಸೊಸೆ ನಿಂತಲ್ಲೇ ನಿಂತಳು. ಅಳು ಬರಬೇಕಾಗಿತ್ತು, ಬರಲಿಲ್ಲ. ಆಮೇಲೆ ಕುರ್ಚಿಯ ಮೇಲೆ ದಿಂಬು ನಿಲ್ಲಿಸಿ, ಅದಕ್ಕೆ ಗಂಡನ ಹಳೇ ಕನ್ನಡಕ ತೊಡಿಸಿ, ಎದುರು ಕೂತು, ಕನ್ನಡಕದ ಗಾಜಿಗೆ ಆರಾಮಾಗಿ ಬೆರಳು ಮುಟ್ಟುವಷ್ಟು ಹತ್ತಿರಕ್ಕೆ ಸರಿದಳು. ಟೇಪು ಹಿಡಿದು ನೋಡಿದರೆ ಸರಿಯಾಗಿ ಅರ್ಧ ಮೀಟರು. ಅಷ್ಟು ದೂರಕ್ಕೆ ಕಳೆಯಬೇಕಾದ್ದು ಒಂದೂವರೆಯಲ್ಲ, ಎರಡು. ಓದಿದ ಯಾವ ಹುಡುಗಿಯನ್ನು ಕೇಳಿದರೂ ನಿದ್ದೆಯಲ್ಲೂ ಹೇಳುವ ಲೆಕ್ಕ, ಆದರೆ ದಾರವನ್ನು ನಂಬಿ ಯಾರೂ ಮಾಡಿರಲಿಲ್ಲ. ಅದೇ ಅವಳ ಅರ್ಧ ನಂಬರು. ಟೇಪಿನ ಪಕ್ಕ ಕೈ ಅಗಲಿಸಿ ಇಟ್ಟಳು. ತನ್ನ ಗೇಣಿಗೆ ಮೂರು ಗೇಣು.

ಸಂತೋಷ ಆಗಲಿಲ್ಲ, ಸಿಟ್ಟು ಬಂತು. ಇಷ್ಟು ವರ್ಷ ಇನ್ನೊಬ್ಬಳ ತೋಳಿನ ಅಳತೆಗೆ ಬೈಸಿಕೊಂಡಿದ್ದಳು.

ಮಾರನೆಯ ದಿನ ಏಣಿ ಮೇಡಂ ಹತ್ತಿರ ಹೋಗಿ, ನನ್ನ ದಾರ ಗಿಡ್ಡವಿರಲಿ, ಎರಡು ಕಳೆಯುತ್ತೇನೆ ಎಂದು ವಿನಯದಿಂದಲೇ ಕೇಳಿದಳು. ಒಬ್ಬೊಬ್ಬಳಿಗೆ ಒಂದೊಂದು ದಾರ ಕೊಟ್ಟರೆ ಇದು ಸಂಸ್ಥೆಯಲ್ಲ, ಸಂತೆ ಎಂದಳು ಮೇಡಂ. ಆಮೇಲೆ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. "ತೋಳು ಉದ್ದ ಮಾಡ್ಕೊಂಡು ಬಾ," ಅಂದಳು.

ಪರೀಕ್ಷೆಯ ದಿನ ಅತ್ತೆ ಸೊಸೆಗಿಂತ ಮೊದಲೇ ಸಿದ್ಧವಾಗಿ ಬಾಗಿಲಲ್ಲಿ ನಿಂತಿದ್ದಳು. ಟೇಪು ಕುತ್ತಿಗೆಯಲ್ಲೇ ಇತ್ತು. ಸಂಸ್ಥೆಯ ಓಣಿಯಂಥ ಮೊಗಸಾಲೆಯಲ್ಲಿ, ಪರೀಕ್ಷೆಯ ಕೋಣೆಯ ಬಾಗಿಲಿಗೆ ತೀರ ಹತ್ತಿರದ ಬೆಂಚನ್ನು ತಾನೇ ಹುಡುಕಿಕೊಂಡು ಕೂತಳು. ಒಳಗೆ ಇನ್ನೊಬ್ಬ ಹುಡುಗಿಯ ತಾತ, ಕಿವಿ ಮಂದವಾದವರಿಗೆ ಇರುವಂಥ ದೊಡ್ಡ ಗಂಟಲಲ್ಲಿ, ಗೋಡೆಯ ಹಲಗೆಯ ಅಕ್ಷರಗಳನ್ನು ಓದುತ್ತಿದ್ದ. ಆ ಕಣ್ಣಿಗೊಂದು ಸಲ, ಈ ಕಣ್ಣಿಗೊಂದು ಸಲ, ಗಾಜು ಹಾಕಿದ ಮೇಲೆ ಮತ್ತೊಂದು ಸಲ. ಅತ್ತೆ ಕಣ್ಣು ಮುಚ್ಚಿ ಕೈಮುಗಿದ ಹಾಗೆ ಮಡಿಲಲ್ಲಿ ಕೈ ಜೋಡಿಸಿಕೊಂಡಿದ್ದಳು. ತುಟಿ ಅಲುಗುತ್ತಿತ್ತು. ದೇವರ ನಾಮ ಹೇಳಿಕೊಳ್ಳುತ್ತಿದ್ದಾಳೆ ಅಂದುಕೊಂಡಳು ಸೊಸೆ. ಹೇಳಿಕೊಳ್ಳಲಿ, ನನಗಾಗಿ ಅಲ್ಲವೆಂಬುದಂತೂ ಗೊತ್ತು.

ಒಳಗೆ ಕರೆದರು. ಹೊರಗಿನಿಂದ ಬಂದಿದ್ದ ಪರೀಕ್ಷಕರು ನೆಗಡಿಯಾದ ವಯಸ್ಸಾದ ಗಂಡಸು. ಕರವಸ್ತ್ರದಿಂದ ಮೂಗು ಹೊರಬಂದಾಗಲೆಲ್ಲ ಒಂದೊಂದು ಪ್ರಶ್ನೆ ಕೇಳಿ ಮತ್ತೆ ಅದರೊಳಗೆ ಹೋಗುತ್ತಿದ್ದರು. ಏಣಿ ಮೇಡಂ ಗೋಡೆಗೆ ಒರಗಿ ನಿಂತಿದ್ದಳು. ಸೊಸೆ ತನಗೆ ಕೊಟ್ಟಿದ್ದ ದೀಪ ಮೇಜಿನ ಮೇಲೆ ಇಟ್ಟಿದ್ದೇ, ಅದಕ್ಕೆ ಕಟ್ಟಿದ್ದ ಹೊಸ ಗಿಡ್ಡ ದಾರ ಮೇಡಂ ಕಣ್ಣಿಗೆ ಬಿತ್ತು. ಟ್ರೇಯಲ್ಲಿದ್ದ ಕತ್ತರಿ ತೆಗೆದುಕೊಂಡು ದಾರ ಕತ್ತರಿಸಿ ಬುಟ್ಟಿಗೆ ಹಾಕಿ, ಸಂಸ್ಥೆಯ ಉದ್ದ ದಾರ ತಂದು ತಾನೇ ಕಟ್ಟಿದಳು. ಪರೀಕ್ಷಕರು ನೋಡಿದರು, ಸೀನಿದರು. ಕುರ್ಚಿಯಲ್ಲಿ ಕೂತಿದ್ದ ಅತ್ತೆಯ ಮುಖ ಹಬ್ಬದ ಮನೆಯಾಯಿತು. ತನ್ನ ಕಡೆಗೆ ಇನ್ನೊಬ್ಬರಿದ್ದಾರೆ ಎಂದು ಅವಳಿಗೆ ಆಗ ತಿಳಿಯಿತು.

ಸೊಸೆ ದೀಪ ಎತ್ತಿಕೊಂಡಳು. ಉದ್ದ ದಾರದ ಮೇಲೆ ಕೈ ಅಗಲಿಸಿ ಒಂದು ಗೇಣು, ಮತ್ತೊಂದು, ಮತ್ತೊಂದು ಇಟ್ಟು, ಅಲ್ಲೊಂದು ಗಂಟು ಹಾಕಿ ಬಿಗಿ ಎಳೆದಳು.

"ಇದೇನು?" ಎಂದಳು ಮೇಡಂ.

"ದಾರ ನಿಮ್ಮದೇ ಮೇಡಂ. ಗಂಟು ಮಾತ್ರ ನನ್ನದು."

ಕರವಸ್ತ್ರದಿಂದ ಮೂಗು ಹೊರಬಂತು. ಕಳೆಯುವುದು ಎಷ್ಟು ಎಂದು ಪರೀಕ್ಷಕರು ಕೇಳಿದರು. ಎರಡು ಎಂದಳು. ಅವರು ಗಂಟನ್ನೂ ಅವಳ ತೋಳನ್ನೂ ಒಂದೊಂದು ಸಲ ನೋಡಿ, ಮುಂದುವರಿಸು ಎಂದು ಕೈಯಾಡಿಸಿದರು.

ಮೊದಲು ಹಲಗೆ ಓದಿಸಬೇಕು. ಅತ್ತೆಯ ಎಡಗಣ್ಣು ಮುಚ್ಚಿಸಿ ಬಲಗಣ್ಣಿನಲ್ಲಿ ಓದಿಸಿದಳು. ಮೇಲಿನ ಸಾಲುಗಳು ಸರಾಗವಾಗಿ ಬಂದವು. ಕೊನೆಯ ಸಾಲಿಗೆ ಬಂದಾಗ ಅತ್ತೆ ಕತ್ತು ಮುಂದೆ ಚಾಚಿ, ತಡೆದು, ಒಂದು ಅಕ್ಷರ ತಪ್ಪಿ, ತಿದ್ದಿಕೊಂಡು ಓದಿದಳು. ಕಣ್ಣು ಬದಲಿಸಿದರು. ಎಡಗಣ್ಣಿನ ಸರದಿ. ಕೊನೆಯ ಸಾಲು ಓದಿ ಅಂದದ್ದೇ ತಡ, ಅತ್ತೆ ನೇರ ಕೂತು, ಕತ್ತು ಅಲುಗಿಸದೆ, ಒಂದೇ ಉಸಿರಿಗೆ ಹೇಳಿಬಿಟ್ಟಳು: ತ, ಲ, ಗ, ಮ, ರ, ಣ. ಏಣಿ ಮೇಡಂ ಕೂಡ ಹುಬ್ಬೇರಿಸಿದಳು, ಇಂಥ ಕಣ್ಣಿಗೆ ಪರೀಕ್ಷೆ ಯಾಕೆ ಎಂಬಂತೆ.

ಸೊಸೆಗೆ ಏನೋ ಚುಚ್ಚಿತು. ಓದುವವರ ದನಿ ಬೇರೆ, ಒಪ್ಪಿಸುವವರ ದನಿ ಬೇರೆ. ಓದುವ ದನಿಗೆ ಕಾಲಿರುತ್ತದೆ, ಎಡವುತ್ತದೆ, ನಿಲ್ಲುತ್ತದೆ. ಬಾಯಿಪಾಠದ ದನಿ ನೀರಿನ ಹಾಗೆ ಇಳಿದುಬಿಡುತ್ತದೆ. ಮೊಗಸಾಲೆಯಲ್ಲಿ ಅಲುಗುತ್ತಿದ್ದ ತುಟಿ ನೆನಪಾಯಿತು. ಅದು ದೇವರ ನಾಮವಾಗಿರಲಿಲ್ಲ.

ಕೋಣೆಯ ಲೈಟು ಆರಿಸಿ ಮಬ್ಬು ಮಾಡಿದರು. ದೂರದ ಹಲಗೆಯನ್ನೇ ನೋಡುತ್ತಿರಿ ಅತ್ತೆ ಎಂದು ಸೊಸೆ ಹೇಳಿದರೆ ಅತ್ತೆ ಬೇಕೆಂದೇ ದೀಪವನ್ನೇ ನೋಡಿದಳು, ರೆಪ್ಪೆ ಬಡಿದಳು, ಕಣ್ಣಲ್ಲಿ ನೀರು ಬಂತೆಂದು ಸೆರಗಿನಿಂದ ಒರೆಸಿಕೊಂಡಳು, ಚೌಕಟ್ಟು ಮೂಗಿಗೆ ಒತ್ತುತ್ತದೆ ಎಂದಳು. ಸೊಸೆ ಕಾದಳು. ಆ ಮನೆಯಲ್ಲಿ ಅವಳು ಬೇರೇನೂ ಕಲಿಯದಿದ್ದರೂ ಕಾಯುವುದನ್ನು ಕಲಿತಿದ್ದಳು. ರೆಪ್ಪೆಗೂ ಸುಸ್ತಾಗುತ್ತದೆ. ಸುಸ್ತಾಗಿ ನಿಂತ ಗಳಿಗೆಯಲ್ಲಿ ಬೆಳಕಿನ ಗೀಟು ಒಳಗೆ ಹೋಯಿತು.

ಬಲಗಣ್ಣಿನ ಓಟ ಬೇಗ ನಿಂತಿತು. ಎರಡು ಕಳೆದರೆ ಪ್ಲಸ್ ಒಂದೂವರೆ. ಈ ವಯಸ್ಸಿಗೆ ಹತ್ತಿರದ್ದು ಮಂಜಾಗುವುದಕ್ಕೆ ಅದೊಂದು ನೆವ ಸಾಕು. ಮಾಸ್ಟರು ಅಂಗಿಗಳನ್ನು ಯಾಕೆ ವಾಪಸು ಕಳಿಸುತ್ತಿದ್ದಾನೆ, ಅತ್ತೆ ಯಾಕೆ ಬಲ್ಬಿಗೆ ಬೈಯುತ್ತಾಳೆ, ಕಾಜವನ್ನು ಯಾಕೆ ಕಣ್ಣಿಗಿಂತ ಬೆರಳಿಗೆ ಕೊಟ್ಟು ನೋಡುತ್ತಾಳೆ ಎಂಬುದೆಲ್ಲ ಆ ಒಂದು ಹೊಳಪಿನಲ್ಲಿ ತಿಳಿದುಹೋಯಿತು.

ಎಡಗಣ್ಣಿಗೆ ಬಂದಳು. ಹೊಳಪು ಮಂಕಾಗಿ, ನಿಧಾನವಾಗಿ, ಗೀಟಿನ ಹಿಂದೆ ಕಾಲೆಳೆದುಕೊಂಡು ಬಂತು. ಗಾಜು ಹಾಕಿದಳು, ನಿಲ್ಲಲಿಲ್ಲ. ಇನ್ನೊಂದು, ಮತ್ತೂ ದಪ್ಪದ್ದು, ಅದಕ್ಕೂ ನಿಲ್ಲಲಿಲ್ಲ. ಆರರ ಗಾಜಿಗೆ ನಿಂತಿತು. ಎರಡು ಕಳೆದರೆ ನಾಲ್ಕು. ಒಂದು ಕಣ್ಣಿಗೆ ಒಂದೂವರೆ, ಇನ್ನೊಂದಕ್ಕೆ ನಾಲ್ಕು. ಇದು ಇವತ್ತು ನಿನ್ನೆ ಕೆಟ್ಟ ಕಣ್ಣಲ್ಲ. ಚಿಕ್ಕಂದಿನಲ್ಲೇ ಕೆಲಸ ಬಿಟ್ಟು, ಎಲ್ಲ ಭಾರವನ್ನೂ ಜೊತೆಯ ಕಣ್ಣಿಗೆ ಹೊರಿಸಿ ಸುಮ್ಮನೆ ಕೂತ ಕಣ್ಣು. ಇದು ಕೊನೆಯ ಸಾಲು ಓದುವುದಿರಲಿ, ಮೇಲಿನ ದೊಡ್ಡ ಅಕ್ಷರಕ್ಕೂ ತಿಣುಕಬೇಕು.

ಲೆಕ್ಕ ಬರೆದಳು. ಮೇಡಂ ಬಗ್ಗಿ ನೋಡಿ, ನಾಲ್ಕರ ಕೆಳಗೆ ಉಗುರಿನಿಂದ ಗೀಟೆಳೆದಳು.

ಆಮೇಲೆ ಗಾಜು ಹಾಕಿ ಕೇಳುವ ಸರದಿ. ಎಡಗಣ್ಣಿಗೆ ಇದು ಚೆನ್ನಾಗಿದೆಯೋ ಅದೋ ಎಂದರೆ ಎರಡೂ ಒಂದೇ ಎಂದಳು ಅತ್ತೆ. ಗಾಜು ಬದಲಿಸಿ ಇದು ಎಂದರೆ ಅದೂ ಒಂದೇ. ಗಾಜು ತೆಗೆದರೆ ಹೇಗಿದೆ ಎಂದು ಕೇಳಿದ್ದಕ್ಕೆ, "ತೆಗೆದ್ರೇನೇ ಚೆನ್ನ. ಎಲ್ಲಾ ಓದಿ ತೋರಿಸಿದ್ನಲ್ಲ, ಇನ್ನೂ ಏನು ಕಾಣ್ಬೇಕು?" ಎಂದು ಪರೀಕ್ಷಕರ ಕಡೆ ತಿರುಗಿ ನಕ್ಕಳು. ಅದೇ ನಗು.

ಏಣಿ ಮೇಡಂ ಗೋಡೆ ಬಿಟ್ಟು ಬಂದಳು. ರೋಗಿ ಕೊನೆಯ ಸಾಲಿನವರೆಗೂ ಓದಿದ್ದಾರೆ, ಗಾಜು ಬೇಡ ಅನ್ನುತ್ತಿದ್ದಾರೆ, ನಿನ್ನ ದೀಪ ನಾಲ್ಕು ಅನ್ನುತ್ತಿದೆ. ಏನು ಬರೆಯುತ್ತೀಯ ಎಂದಳು. ಸೊಸೆಗೆ ಎರಡೂ ಕಡೆಯ ಹಳ್ಳ ಕಾಣಿಸಿತು. ಅತ್ತೆಯ ಮಾತು ಬರೆದರೆ, ಇವಳು ಈಗಲೂ ಬಾಯಿಯನ್ನೇ ನೋಡುತ್ತಾಳೆ ಅನ್ನುತ್ತಾರೆ. ದೀಪದ ಮಾತು ಬರೆದು ಸುಮ್ಮನಿದ್ದರೆ, ದೀಪ ಹಿಡಿಯುವುದೇ ಬರುವುದಿಲ್ಲ, ಗಂಟು ಬೇರೆ ಹಾಕಿಕೊಂಡಿದ್ದಾಳೆ ಅನ್ನುತ್ತಾರೆ. ಉಳಿದದ್ದು ಒಂದೇ ದಾರಿ. ಅದು ಅತ್ತೆಯ ಮೇಲೆ ಕಾಲಿಟ್ಟು ಹಾದುಹೋಗುತ್ತಿತ್ತು.

ಅವಳು ಅತ್ತೆಯ ಮುಖ ನೋಡಿದಳು. ಬಲಗಣ್ಣು ಕರಿ ತಗಡಿನ ಹಿಂದೆ ಮುಚ್ಚಿತ್ತು. ಎಡಗಣ್ಣು ಇವಳನ್ನೇ ನೋಡುತ್ತಿತ್ತು, ಅಥವಾ ನೋಡುತ್ತಿರುವ ಹಾಗೆ ಇತ್ತು. ಒಂದು ಗಳಿಗೆ ಮನಸ್ಸು ಹಿಂಜರಿಯಿತು. ಆಮೇಲೆ ದಿನಾ ಒರೆಸಿದ ಆ ಸೂಜಿಡಬ್ಬಿ ನೆನಪಿಗೆ ಬಂತು.

"ಅತ್ತೆ, ಅದೇ ಕೊನೇ ಸಾಲು. ಬಲದಿಂದ ಎಡಕ್ಕೆ ಓದಿ."

ಅತ್ತೆಯ ತುಟಿ ಅಲುಗಿತು. ಮೊದಲಿನಿಂದ ಶುರುಮಾಡಿ ಕೊನೆಗೆ ನಡೆದು ಹೋಗಿ ಅಲ್ಲಿಂದ ಒಂದಕ್ಷರ ಹೊತ್ತು ತಂದಳು. "ಣ," ಎಂದಳು. ಮತ್ತೆ ತುಟಿ ಮೊದಲಿಂದ ನಡೆಯಿತು. ಅಷ್ಟರಲ್ಲಿ ದಾರಿ ಕಲಸಿಹೋಯಿತು. ಮ ಎಂದಳು, ಅಲ್ಲ ಎಂದು ನಿಲ್ಲಿಸಿದಳು. ಯಾರೂ ಸಹಾಯಕ್ಕೆ ಬರಲಿಲ್ಲ. ಅವಳ ಕೈ ಕುತ್ತಿಗೆಯ ಟೇಪಿಗೆ ಹೋಗಿ ಅದನ್ನು ಹಿಡಿದುಕೊಂಡಿತು.

"ಕಾಣಲ್ಲ ಅಂತ ಬರ್ಕೋ," ಎಂದಳು. "ಬುದ್ಧಿ ಬಂದಾಗಿಂದ ಕಾಣಲ್ಲ. ಬರ್ಕೋ. ನಿನಗೆ ಬೇಕಾಗಿದ್ದು ಅದೇ ತಾನೆ?"

ಸೊಸೆ ಬರೆದುಕೊಂಡಳು.

ಪರೀಕ್ಷಕರು ಕರವಸ್ತ್ರ ಜೇಬಿಗಿಟ್ಟು, ತಮ್ಮದೇ ದೀಪ ತೆಗೆದು, ಅತ್ತೆಯ ಎದುರು ಕೂತು ಬಹಳ ಹೊತ್ತು ನೋಡಿದರು. ಅವರ ದೀಪಕ್ಕೆ ದಾರವೇ ಇರಲಿಲ್ಲ. ಎದ್ದು ನಾಲ್ಕು ಎಂದಷ್ಟೇ ಹೇಳಿ, ಸೊಸೆಯ ಕಾಗದದ ಕೆಳಗೆ ಸಹಿ ಹಾಕಿದರು. ಎಡಗಣ್ಣು ಚಿಕ್ಕಂದಿನಲ್ಲೇ ಸೋಮಾರಿಯಾಗಿದೆ ತಾಯಿ, ಈಗ ಅದರಿಂದ ಹೆಚ್ಚೇನೂ ಆಗುವುದಿಲ್ಲ, ಆದರೆ ಕನ್ನಡಕ ಹಾಕಿದರೆ ಬಲಗಣ್ಣಿಗೆ ಸೂಜಿ ಕೆಲಸ ಸಲೀಸು ಎಂದು ಅತ್ತೆಗೆ ಬಿಡಿಸಿ ಹೇಳಿದರು. ಅತ್ತೆ ಗೋಡೆಯ ಹಲಗೆಯ ಕಡೆ ಮುಖ ಮಾಡಿ ಕೂತಿದ್ದಳು. ಕೇಳಿಸಿಕೊಂಡಳೋ ಇಲ್ಲವೋ.

ಹೊರಡುವಾಗ ಏಣಿ ಮೇಡಂ ಬಾಗಿಲಿಗೆ ಅಡ್ಡ ನಿಂತಳು. ಪಾಸಾದೆ ಎನ್ನಲಿಲ್ಲ. ಗಂಟು ಬಿಚ್ಚಿಟ್ಟು ಹೋಗು, ದಾರ ಸಂಸ್ಥೆಯದು ಎಂದಳು. ಸೊಸೆ ಉಗುರು ಹಾಕಿ ನೋಡಿದಳು. ಗಂಟು ಕಲ್ಲಾಗಿ ಕೂತಿತ್ತು.

"ಬಿಚ್ಚಲ್ಲ ಮೇಡಂ. ಕತ್ತರಿ ನಿಮ್ಮ ಹತ್ರಾನೇ ಇದೆಯಲ್ಲ," ಎಂದು ದೀಪವನ್ನು ಅವಳ ಕೈಗಿಟ್ಟಳು.

ಬಸ್ಸಿನಲ್ಲಿ ಒಂದೇ ಸೀಟು ಸಿಕ್ಕಿದ್ದರಿಂದ ಇಬ್ಬರೂ ಒತ್ತಿಕೊಂಡು ಕೂರಬೇಕಾಯಿತು. ಅರ್ಧ ದಾರಿ ಕಳೆದ ಮೇಲೆ ಅತ್ತೆ ಮುಂದಿನ ಸೀಟಿನ ಬೆನ್ನಿಗೆ ಮಾತಾಡಿದಳು. ಮದುವೆಯ ಮಾತು ನಡೆಯುವಾಗ ಹುಡುಗಿಯ ಒಂದು ಕಣ್ಣು ಮಂದವೆಂದು ಗೊತ್ತಾದರೆ ಯಾರೂ ಮುಟ್ಟುವುದಿಲ್ಲವೆಂದು ತನ್ನ ತಾಯಿಯೇ ಹೇಳಿಕೊಟ್ಟದ್ದಂತೆ: ಮೊದಲು ಬೇರೆಯವರು ಓದಲಿ, ನೀನು ಕಿವಿಯಲ್ಲಿ ಹಿಡಿದುಕೋ, ಆಮೇಲೆ ಒಪ್ಪಿಸು. ಕಿವಿಯಲ್ಲಿ ಹಿಡಿದೇ ಬದುಕು ದಾಟಿತು. "ನಿನ್ನ ಮಾವ ಸಾಯೋವರೆಗೂ ಅವರಿಗೆ ಗೊತ್ತಾಗಲಿಲ್ಲ. ನನ್ನ ಮಗನಿಗೆ ಗೊತ್ತಿಲ್ಲ. ನೀನು ಒಂದು ಬೆಳಗ್ಗೆ ಕರ್ಕೊಂಡು ಹೋಗಿ ಕಂಡವರ ಮುಂದೆಲ್ಲ ಬಿಚ್ಚಿಟ್ಟೆ."

"ಬರಲ್ಲ ಅನ್ನಬಹುದಿತ್ತು ಅತ್ತೆ. ನೀವು ನನ್ನ ಮುಳುಗಿಸೋದಕ್ಕೇ ಬಂದ್ರಿ."

"ಹೌದು, ಬಂದೆ," ಎಂದಳು ಅತ್ತೆ. ಯಾರೂ ಯಾರ ಕ್ಷಮೆಯನ್ನೂ ಕೇಳಲಿಲ್ಲ. ಕೇಳಿದ್ದರೆ ಸಿಗುತ್ತಲೂ ಇರಲಿಲ್ಲ.

ಸೊಸೆ ಕನ್ನಡಕ ಮಾಡಿಸಿ ತಂದು ಅತ್ತೆಯ ಹೊಲಿಗೆಯ ಮೇಜಿನ ಮೇಲೆ ಇಟ್ಟಳು. ಅಮ್ಮನಿಗೆ ಹತ್ತಿರದ್ದು ಮಂಜಂತೆ ಎಂದಷ್ಟೇ ಗಂಡನಿಗೆ ಹೇಳಿದಳು, ಎಡಗಣ್ಣಿನ ಸುದ್ದಿ ಎತ್ತಲಿಲ್ಲ. ಅದು ದಯೆಯೋ, ಮುಂದೊಂದು ದಿನಕ್ಕೆ ಬೇಕಾದೀತೆಂದು ತೆಗೆದಿಟ್ಟುಕೊಂಡ ಆಯುಧವೋ, ಅವಳಿಗೇ ಗೊತ್ತಿರಲಿಲ್ಲ. ಅತ್ತೆ ಕನ್ನಡಕವನ್ನು ಬೀರುವಿನ ತಳಕ್ಕೆ ತಳ್ಳಿ, ಅದರ ಖಾಲಿ ಪೆಟ್ಟಿಗೆಯಲ್ಲಿ ಸೂಜಿಗಳನ್ನು ತುಂಬಿಟ್ಟುಕೊಂಡಳು. ಮಣೆಯ ಮೇಲಿದ್ದ ಸೂಜಿಡಬ್ಬಿ ಮಾತ್ರ ಕಾಣೆಯಾಗಿತ್ತು.

ವ್ಯಾನಿನ ಕೆಲಸಕ್ಕೆ ಸೇರುವ ದಿನ ಬಿಳಿ ಕೋಟು ತೆಗೆಯಲು ಹೋದರೆ ಅದರ ಎರಡೂ ತೋಳು ಕತ್ತರಿಸಿ ಹೋಗಿದ್ದವು. ಪಿನ್ನು ಎರಡೂ ಮೇಜಿನ ಮೇಲೆ ಜೋಡಿಸಿಟ್ಟಿದ್ದವು. ಸೊಸೆಗೆ ರಕ್ತ ತಲೆಗೇರಿತು. ಕೋಟು ಹಿಡಿದುಕೊಂಡೇ ಹೋಗಿ ಅತ್ತೆಯ ಮುಂದೆ ನಿಂತಳು.

ಅತ್ತೆ ಕಾಜದಿಂದ ತಲೆ ಎತ್ತಲಿಲ್ಲ. "ನನ್ನ ಕಣ್ಣು ಊರಿಗೆಲ್ಲ ತೋರಿಸಿದೆಯಲ್ಲ, ನಿನ್ನ ಮೋಟು ತೋಳೂ ಎಲ್ಲರಿಗೂ ಕಾಣ್ಲಿ ಅಂತ."

ಸೊಸೆ ಅಲ್ಲೇ ನಿಂತು ಕೋಟು ತೊಟ್ಟಳು. ತೋಳು ಸರಿಯಾಗಿ ಮಣಿಕಟ್ಟಿಗೆ ಬಂದು ನಿಂತಿತು, ಒಂದು ನೂಲು ಹೆಚ್ಚಿಲ್ಲ, ಕಮ್ಮಿಯಿಲ್ಲ. ಅಳತೆಯಲ್ಲಿ ಎಂದೂ ತಪ್ಪಿದವಳಲ್ಲ ಅತ್ತೆ. ತಪ್ಪಿದ್ದು ಹೊಲಿಗೆ. ಮಡಿಕೆಯ ಅಂಚಿನುದ್ದಕ್ಕೂ ಅದು ದಾರಿ ತಪ್ಪಿದವರ ಹಾಗೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಅಲೆದಿತ್ತು. ಬಿಚ್ಚಿ ನೇರ ಮಾಡಿಕೊಳ್ಳಲು ಸೊಸೆಗೂ ಬರುತ್ತಿತ್ತು. ಹೊತ್ತೂ ಇತ್ತು.

ಬಿಚ್ಚಲಿಲ್ಲ. ಆ ಸೊಟ್ಟ ಹೊಲಿಗೆ ಎಲ್ಲರಿಗೂ ಕಾಣುವಂತೆ ಗುಂಡಿ ಹಾಕಿಕೊಂಡು ಕೈ ಮುಂದೆ ಚಾಚಿದಳು. ಅತ್ತೆ ಈಗ ತಲೆ ಎತ್ತಿ ನೋಡುತ್ತಿದ್ದಳು. ಅವಳು ನೋಡುತ್ತಿದ್ದಂತೆಯೇ ಸೊಸೆ ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದಳು.